ಪೂಜೆಗಿಟ್ಟ ಡಿಸ್ಕು

ದೊಡ್ಡ ಸಾಮಾನುಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯೇ ನನ್ನ ಅರ್ಧ ಆಯಸ್ಸನ್ನು ತಿಂದುಹಾಕಿತು ಅನ್ನಿಸುತ್ತದೆ. ಮನೆಯಲ್ಲೂ ಅದೇ, ಕೆಲಸದಲ್ಲೂ ಅದೇ. ಹನುಮಂತನಗರದ ನಮ್ಮ ಮನೆಯಲ್ಲಿ ಹಬ್ಬದ ಪಾತ್ರೆಗಳೆಲ್ಲ ಅಟ್ಟದ ಮೇಲೆ, ದಿನಬಳಕೆಯ ಲೋಟ ತಟ್ಟೆಗಳು ಕೈಗೆ ಸಿಗುವ ಗೂಡಿನಲ್ಲಿ. ಹಬ್ಬ ಬಂತೆಂದರೆ ಕುರ್ಚಿ ಹತ್ತಿ, ಧೂಳು ಕುಡಿದು, ಯಾವ ಪಾತ್ರೆ ಯಾವ ಗೋಣಿಚೀಲದಲ್ಲಿದೆ ಎಂದು ತಡಕಾಡುವವಳು ನಾನೇ. ಆಫೀಸಿಗೆ ಹೋದರೆ ಅಲ್ಲೂ ಇದೇ ಕೆಲಸ, ಸಂಬಳ ಕೊಡುತ್ತಿದ್ದರು ಅನ್ನುವುದಷ್ಟೇ ವ್ಯತ್ಯಾಸ.

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಜಯನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೆ. ಕಾಗದಪತ್ರ, ಚಿತ್ರ, ಧ್ವನಿ ಏನೇ ಇರಲಿ, ಅದನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಟ್ಟು ಬೇಕೆಂದಾಗ ತೆಗೆದುಕೊಡುವ ವ್ಯವಸ್ಥೆಯನ್ನು ನಾವು ಅವರಿವರ ಆಫೀಸುಗಳಲ್ಲಿ ಹಾಕಿಕೊಡುತ್ತಿದ್ದೆವು. ಕಂಟೆಂಟ್ ರೆಪಾಸಿಟರಿ ಎಂಬುದು ಅದರ ದೊಡ್ಡ ಹೆಸರು. ಹೆಸರು ಹೇಳುವಷ್ಟರಲ್ಲಿ ನಾಲಿಗೆ ದಣಿಯುತ್ತದೆಂದು ನಾನು ಭಂಡಾರ ಎಂದೇ ಕರೆಯುತ್ತಿದ್ದೆ.

ಬನಶಂಕರಿ ಎರಡನೇ ಹಂತದ ಒಂದು ಹಳೆಯ ಮನೆಯಲ್ಲಿ ಒಂದು ಟ್ರಸ್ಟ್ ಇತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುವುದು ಅವರ ಕೆಲಸ. ಸುತ್ತಮುತ್ತಲಿನ ಬಡಾವಣೆಗಳಿಂದ ಬಿಡುವಿದ್ದವರು ಬಂದು ಓದುತ್ತಿದ್ದರು. ಮೊದಲು ಕ್ಯಾಸೆಟ್ಟುಗಳಿದ್ದವು, ಆಮೇಲೆ ಕಂಪ್ಯೂಟರ್ ಬಂತು. ನಮ್ಮ ಕಂಪನಿಯ ಯಜಮಾನರು ಧರ್ಮದ ಕೆಲಸವೆಂದು ಅವರಿಗೊಂದು ಭಂಡಾರ ಹಾಕಿಸಿಕೊಟ್ಟರು. ಧರ್ಮ ಅವರ ಲೆಕ್ಕಕ್ಕೆ ಹೋಯಿತು, ಓಡಾಟ ನನ್ನ ಕಾಲಿಗೆ ಬಂತು.

ಶುರುವಿನಲ್ಲಿ ಎಲ್ಲವನ್ನೂ ಡೇಟಾಬೇಸಿಗೇ ತುರುಕಿದ್ದರು. ಪುಸ್ತಕದ ಹೆಸರು, ಅಧ್ಯಾಯ, ಓದಿದವರು ಯಾರು ಎಂಬ ಚಿಲ್ಲರೆ ವಿವರಗಳ ಜೊತೆಗೆ ಗಂಟೆಗಟ್ಟಲೆ ಉದ್ದದ ಧ್ವನಿಯೂ ಅದೇ ಹೊಟ್ಟೆಯೊಳಕ್ಕೆ. ಡೇಟಾಬೇಸು ಊದಿಕೊಂಡಿತು. ಒಂದು ಪುಸ್ತಕದ ಹೆಸರು ಹುಡುಕಿದರೂ ಯಂತ್ರ ಏದುಸಿರು ಬಿಡುತ್ತಿತ್ತು. ಇನ್ನೊಂದು ಪ್ರತಿ ತೆಗೆದಿಡೋಣವೆಂದು ಬೆಳಿಗ್ಗೆ ಕೂತರೆ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಇದಕ್ಕೆ ಪರಿಹಾರವೆಂದರೆ ಸೆಟ್ಟಿಂಗ್ ಫೈಲಿನಲ್ಲಿ ಕೆಲವೇ ಸಾಲು. ಇಂತಿಷ್ಟು ಗಾತ್ರಕ್ಕಿಂತ ಚಿಕ್ಕದೆಲ್ಲ ಡೇಟಾಬೇಸಿನಲ್ಲೇ ಇರಲಿ, ಅದಕ್ಕಿಂತ ದೊಡ್ಡದನ್ನೆಲ್ಲ ಹೊರಗೆ ಒಂದು ಫೋಲ್ಡರಿನಲ್ಲಿಡು, ಎಲ್ಲಿಟ್ಟೆ ಎಂಬ ಗುರುತನ್ನು ಮಾತ್ರ ಡೇಟಾಬೇಸಿನಲ್ಲಿ ಬರೆದುಕೋ, ಇಷ್ಟೇ. ಆ ಫೋಲ್ಡರಿನ ವಿಳಾಸವನ್ನು ಸರಿಯಾಗಿ ಬರೆಯುವುದರಲ್ಲಿ ಎಲ್ಲವೂ ಇತ್ತು. ಯಂತ್ರದೊಳಗೆ ಜಾಗ ಸಾಲದಿದ್ದುದರಿಂದ ಊಟದ ಡಬ್ಬಿಯಷ್ಟು ದೊಡ್ಡ ಒಂದು ಹೊರಗಿನ ಡಿಸ್ಕನ್ನು ತರಿಸಿ, ವೈರಿನಲ್ಲಿ ಸಿಕ್ಕಿಸಿ, ವಿಳಾಸವನ್ನು ಅದರ ಕಡೆಗೆ ತಿರುಗಿಸಿದೆ.

ಟ್ರಸ್ಟಿನ ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದವರು, ಹಣೆಗೆ ಅಕ್ಷತೆ ಇಡದೆ ಮನೆಯಿಂದ ಹೊರಡುತ್ತಿರಲಿಲ್ಲ. ನನ್ನ ಹಿಂದೆ ನಿಂತು ಡಿಸ್ಕಿನೊಳಗೆ ಇಣುಕಿದರು. ಅಲ್ಲಿದ್ದ ಫೈಲುಗಳ ಹೆಸರುಗಳು ಯಾವ ಭಾಷೆಯವೂ ಅಲ್ಲ. ಒಳಗಿರುವ ಧ್ವನಿಯನ್ನೇ ಲೆಕ್ಕಹಾಕಿ ಯಂತ್ರ ತಾನೇ ಕೊಟ್ಟುಕೊಂಡ ಉದ್ದುದ್ದ ಅಂಕಿ ಅಕ್ಷರಗಳ ಸಾಲು.

"ಇದೇನಮ್ಮ, ಒಂದಕ್ಕೂ ಹೆಸರೇ ಇಲ್ವಲ್ಲ?"

"ಹೆಸರೆಲ್ಲ ಡೇಟಾಬೇಸಲ್ಲಿ ಇರತ್ತೆ ಸಾರ್. ಇಲ್ಲಿರೋದು ಬರೀ ಸಾಮಾನು."

"ಅಂದ್ರೆ ಜೀವ ಎಲ್ಲಾ ಈ ಡಬ್ಬಿಯೊಳಗೇ ಅನ್ನು."

"ಹೂಂ ಸಾರ್. ಜೋಪಾನವಾಗಿ ನೋಡ್ಕೊಳಿ. ಇದು ಹೋದ್ರೆ ಎಲ್ಲಾ ಹೋದಂಗೆ."

ಅವರು ಆ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ನಾನು ಕೊನೆಯ ಬಸ್ ಸಿಗಲೆಂದು ಓಡಿದೆ.

ಆ ಟ್ರಸ್ಟಿನಲ್ಲಿ ಓದುವವರ ಪೈಕಿ ಎಲ್ಲರಿಗಿಂತ ಹೆಸರಾದವರು ಕತ್ರಿಗುಪ್ಪೆಯ ಒಬ್ಬ ನಿವೃತ್ತ ಹೈಸ್ಕೂಲ್ ಟೀಚರು. ವಯಸ್ಸಾದವರಿಂದ ಹಿಡಿದು ಚಿಕ್ಕವರ ತನಕ ಎಲ್ಲರಿಗೂ ಅವರು 'ಮಿಸ್'. ಸಮಾಜ ವಿಜ್ಞಾನ ಕಲಿಸಿ ಕಲಿಸಿ ಪಳಗಿದ ಗಂಟಲು. ಎಲ್ಲೂ ತೊದಲುವುದಿಲ್ಲ, ಒತ್ತಕ್ಷರ ನುಂಗುವುದಿಲ್ಲ, ಅಲ್ಪಪ್ರಾಣ ಮಹಾಪ್ರಾಣ ತಪ್ಪುವುದಿಲ್ಲ. ಅವರು ಓದಿದ ಪುಸ್ತಕ ಎಂದರೆ ವಿದ್ಯಾರ್ಥಿಗಳು ಸಾಲುಗಟ್ಟಿ ಕಾಯುತ್ತಿದ್ದರು. ಹತ್ತು ಹದಿನೈದು ವರ್ಷಗಳಿಂದ ಓದುತ್ತಿದ್ದರು, ಒಂದು ಲೋಟ ಕಾಫಿ ಬಿಟ್ಟರೆ ಬೇರೇನನ್ನೂ ಮುಟ್ಟಿದವರಲ್ಲ.

ಹಾಗೆ ಕಾಯುತ್ತಿದ್ದವರಲ್ಲಿ ಒಬ್ಬಳು ಗದಗಿನ ಕಡೆಯ ಹುಡುಗಿ. ಹುಟ್ಟಿನಿಂದಲೇ ಕಣ್ಣು ಕಾಣದು. ಬಿ.ಟಿ.ಎಂ. ಲೇಔಟಿನಲ್ಲಿ ನಾಲ್ಕು ಜನ ಸೇರಿ ಒಂದು ರೂಮು ಮಾಡಿಕೊಂಡಿದ್ದರು. ಹಗಲು ಒಂದು ಖಾಸಗಿ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ, ಮನೆಯಲ್ಲಿ ಕೂತು ಬಿ.ಎ. ಎಲ್ಲ ಪೇಪರೂ ಮುಗಿದು ಅರ್ಥಶಾಸ್ತ್ರ ಒಂದು ಉಳಿದಿತ್ತು. ಎರಡು ಸಲ ಕಟ್ಟಿ ಎರಡು ಸಲವೂ ಫೇಲಾಗಿದ್ದಳು. "ನಮ್ಮಣ್ಣ ಹೇಳ್ಯಾನ್ರೀ ಅಕ್ಕಾರ, ಈ ಸಲ ಪಾಸ್ ಆಗಲಿಲ್ಲಂದ್ರ ನೌಕರಿ ಬಿಟ್ಟು ಊರಿಗೆ ಬಂದುಬಿಡು, ಸಾಕು ನಿನ್ನ ಬೆಂಗಳೂರು ಅಂತ" ಎಂದು ನನಗೆ ಒಮ್ಮೆ ಹೇಳಿದ್ದಳು. ಊರಿಗೆ ಹೋದರೆ ಏನು ಮಾಡುತ್ತೀಯೆಂದು ಕೇಳಿದೆ. "ಏನ್ ಮಾಡೂದ್ರಿ, ಕುಂದ್ರೂದು" ಎಂದಳು. ಆ ಕೂರುವುದು ಎಂಬ ಮಾತು ನನಗೆ ಎಷ್ಟೋ ದಿನ ಮನಸ್ಸಿನಿಂದ ಹೋಗಲಿಲ್ಲ. ಒಂದು ದಿನವಾದರೂ ಸುಮ್ಮನೆ ಕೂತರೆ ಸಾಕಪ್ಪಾ ಎಂದು ಹಂಬಲಿಸುತ್ತಿದ್ದವಳು ನಾನು. ಅವಳಿಗೆ ಅದೇ ಶಿಕ್ಷೆ.

ಆ ವರ್ಷ ಅರ್ಥಶಾಸ್ತ್ರದ ಪುಸ್ತಕ ಬದಲಾಗಿತ್ತು. ಹೊಸ ಪುಸ್ತಕವನ್ನು ಮಿಸ್ ಓದಿಕೊಡುವುದೆಂದು ತೀರ್ಮಾನವಾಯಿತು. ಆದರೆ ಮಿಸ್‌ಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು, ದಸರಾ ಮುಗಿದು ಹತ್ತು ದಿನಕ್ಕೇ ಒಂದು ಕಣ್ಣಿಗೆ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ವಾರಗಟ್ಟಲೆ ಓದುವ ಹಾಗಿಲ್ಲ. ಹಾಗಾಗಿ ಅಷ್ಟರೊಳಗೆ ಭೂತಗನ್ನಡಿ ಹಿಡಿದಾದರೂ ಮುಗಿಸುತ್ತೇನೆಂದು ಹಟ ಹಿಡಿದರು. ಹುಡುಗಿಯ ಪರೀಕ್ಷೆ ನವೆಂಬರಿನಲ್ಲಿ.

ಇನ್ನು ಆಯುಧಪೂಜೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಆ ದಿನ ಪೂಜೆಯಿಲ್ಲದ ವಸ್ತುವೇ ಇಲ್ಲ. ಆಟೋಗೆ ಬಾಳೆಕಂದು, ಬಸ್ಸಿಗೆ ಹಾರ, ಸ್ಕೂಟರಿನ ಗಾಲಿಗೆ ಲಿಂಬೆಹಣ್ಣು, ಆಫೀಸಿನ ಕಂಪ್ಯೂಟರಿಗೆ ಕುಂಕುಮ. ರಸ್ತೆ ತುಂಬ ಒಡೆದ ಬೂದುಗುಂಬಳಕಾಯಿ, ಎರಡು ದಿನ ಜಾರದೆ ನಡೆಯುವುದೇ ಒಂದು ಸಾಹಸ. ಟ್ರಸ್ಟಿನಲ್ಲೂ ಕಾರ್ಯದರ್ಶಿಗಳು ವರ್ಷವರ್ಷ ತಪ್ಪದೆ ಪೂಜೆ ಮಾಡಿಸುತ್ತಿದ್ದರು. ಮೈಕು, ಕಿವಿಗೆ ಹಾಕುವ ಹೆಡ್‌ಫೋನು, ಬ್ರೈಲ್ ಬರೆಯುವ ಯಂತ್ರ, ಎಲ್ಲವನ್ನೂ ಒರೆಸಿ ದೇವರ ಮುಂದೆ ಜೋಡಿಸುವುದು. ಆ ವರ್ಷ ಹೊಸದಾಗಿ ಡಿಸ್ಕೊಂದು ಬಂದಿತ್ತಲ್ಲ, ಜೀವವೆಲ್ಲ ಅದರಲ್ಲಿದೆ ಎಂದದ್ದಕ್ಕೆ ನಾನೇ ಹೂಂಗುಟ್ಟಿದ್ದೆನಲ್ಲ. ಅವರು ಯಂತ್ರವನ್ನು ಕ್ರಮವಾಗಿ ಆರಿಸಿ, ಡಿಸ್ಕಿನ ವೈರು ಬಿಚ್ಚಿ, ಅದನ್ನು ದೇವರ ಕೋಣೆಗೆ ಒಯ್ದು, ಮಣೆಯ ಮೇಲೆ ಬಾಳೆಲೆ ಹಾಸಿ ಕೂರಿಸಿದರು. ಗಂಧ, ಕುಂಕುಮ, ಒಂದು ಸೇವಂತಿಗೆ. ಎಲ್ಲಕ್ಕಿಂತ ಮೇಲಿನ ಸ್ಥಾನ ಅದಕ್ಕೇ ಸಿಕ್ಕಿತು.

ಪೂಜೆಗಿಟ್ಟ ಆಯುಧವನ್ನು ಇಟ್ಟವರೇ ಏಳಿಸಬೇಕು ಎಂಬುದು ಅವರ ಮನೆಯ ಪದ್ಧತಿ. ಅವರಿಗೆ ಮೈಸೂರಿನ ಮಗಳ ಮನೆಗೆ ಹತ್ತು ದಿನದ ಮಟ್ಟಿಗೆ ಹೋಗುವುದಿತ್ತು. "ಮೈಕು ಗೀಕು ಬೇಕಾದ್ರೆ ನಾಳೆ ತಗೊಳಿ. ಆ ಡಬ್ಬಿ ಮಾತ್ರ ಯಾರೂ ಮುಟ್ಟಬೇಡಿ, ನಾನೇ ಬಂದು ಏಳಿಸ್ತೀನಿ" ಎಂದು ಹೇಳಿ ಮಧ್ಯಾಹ್ನದ ರೈಲು ಹತ್ತಿದರು.

ಮಾರನೆಯ ದಿನ ವಿಜಯದಶಮಿ. ಓದು ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನವುಂಟೇ ಎಂದು ಮಿಸ್ ತಮ್ಮ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಬಂದು ಕೂತರು. ಯಂತ್ರ ಹಾಕುವುದು ಅವರಿಗೆ ಗೊತ್ತಿತ್ತು. ಹಾಕಿದರು. ಅದು ಎಂದಿನಂತೆ ಎದ್ದು ಕೂತಿತು. ಡಿಸ್ಕೆಲ್ಲಿ ಎಂದು ಕೇಳಲಿಲ್ಲ, ತಕರಾರು ಮಾಡಲಿಲ್ಲ. ಮಿಸ್ ಮೊದಲ ಅಧ್ಯಾಯ ಓದಿದರು, ಉಳಿಸು ಎಂದರು, ಉಳಿಸಿದೆ ಎಂದಿತು. ಹಾಕಿ ಕೇಳಿದರೆ ಧ್ವನಿ ಸ್ವಚ್ಛವಾಗಿ ಬಂತು. ಹಾಗೆಯೇ ದಿನವೂ ಬಂದು, ಭೂತಗನ್ನಡಿಯ ಕೆಳಗೆ ಅಕ್ಷರಗಳನ್ನು ಒಂದೊಂದಾಗಿ ಹಿಡಿದು, ಇಡೀ ಪುಸ್ತಕ ಮುಗಿಸಿದರು. ರಜೆಯ ದಿನಗಳಾದ್ದರಿಂದ ಹಳೆಯ ಪುಸ್ತಕ ಕೇಳಿಕೊಂಡು ಯಾರೂ ಬರಲಿಲ್ಲ. ಬಂದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಪುಸ್ತಕ ಮುಗಿದ ದಿನ ಮಿಸ್ ಹುಡುಗಿಗೆ ಫೋನು ಮಾಡಿ "ನಿಂದು ರೆಡಿ ಇದೆ ಕಣೇ, ಹೋಗಿ ತಗೋ" ಎಂದು ಹೇಳಿ, ತಾವು ಆಸ್ಪತ್ರೆಗೆ ಹೋಗಿ ಮಲಗಿದರು.

ಕಾರ್ಯದರ್ಶಿಗಳು ವಾಪಸು ಬಂದರು. ಡಿಸ್ಕಿಗೆ ಒಂದು ಮಂಗಳಾರತಿ ಎತ್ತಿ, ಏಳಿಸಿ, ಮತ್ತೆ ಸಿಕ್ಕಿಸಿ, ಯಂತ್ರ ಹಾಕಿದರು. ಹುಡುಗಿ ಅವತ್ತೇ ಬಂದಳು. ಅರ್ಥಶಾಸ್ತ್ರದ ಅಧ್ಯಾಯಗಳೆಲ್ಲ ಪಟ್ಟಿಯಲ್ಲಿ ನೀಟಾಗಿ ಕಾಣುತ್ತಿವೆ. ಒತ್ತಿದರೆ ಒಂದೂ ಹಾಡುತ್ತಿಲ್ಲ. ಫೈಲು ಸಿಗಲಿಲ್ಲ, ಫೈಲು ಸಿಗಲಿಲ್ಲ, ಅಷ್ಟೇ.

ಆಫೀಸಿನಲ್ಲಿದ್ದ ನನಗೆ ಫೋನು ಬಂತು. ನಾನು ಹೋದೆ. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ವಿದ್ಯೆ ಅಷ್ಟರಲ್ಲಿ ನನಗೆ ಸಿದ್ಧಿಸಿತ್ತು. ಅಲ್ಲಿ ಕೂತು ನೋಡಿದೆ. ಡೇಟಾಬೇಸಿನಲ್ಲಿ ಒಂದೊಂದು ಅಧ್ಯಾಯದ ಗುರುತೂ ಇದೆ. ಆ ಗುರುತು ಹಿಡಿದು ಡಿಸ್ಕಿಗೆ ಹೋದರೆ ಅಲ್ಲಿ ಏನೂ ಇಲ್ಲ. ಹಳೆಯ ಪುಸ್ತಕಗಳೆಲ್ಲ ಇವೆ, ಇದೊಂದೇ ಇಲ್ಲ. ಡಿಸ್ಕನ್ನು ಪೂಜೆಗೆ ಇಟ್ಟಿದ್ದರೆಂದು ಆಗಷ್ಟೇ ನನಗೆ ತಿಳಿಯಿತು. ಅದರ ಮೂಲೆಯಲ್ಲಿ ಇನ್ನೂ ಕುಂಕುಮವಿತ್ತು.

"ಸಾರ್, ಇದಕ್ಕೆ ಗಂಧ ಬೇರೆ ಹಚ್ಚಿದ್ರಾ? ನೀರು ಗೀರು ಒಳಗೆ ಹೋಯ್ತೋ ಏನೋ! ಹೆಡ್‌ಫೋನ್ ಸಾಲಲಿಲ್ವಾ ನಿಮ್ಮ ಪೂಜೆಗೆ?"

ನಾನು ಅಷ್ಟು ಜೋರಾಗಿ ಮಾತಾಡಬಾರದಿತ್ತು, ಆದರೆ ಹಸಿವು ಮತ್ತು ದಣಿವು ಸೇರಿದರೆ ನನ್ನ ಬಾಯಿ ನನ್ನದಲ್ಲ. ಅವರು ಕುರ್ಚಿಯಲ್ಲಿ ಕುಸಿದು ಕೂತು, "ಜೋಪಾನ ಮಾಡು ಅಂದೆಯಲ್ಲಮ್ಮ, ದೇವರ ಮುಂದೆ ಇಡೋದಕ್ಕಿಂತ ಜೋಪಾನ ಇನ್ನೇನಿದೆ ಅಂತ ಇಟ್ಟೆ" ಎಂದರು. ಹುಡುಗಿ ಬಾಗಿಲ ಹತ್ತಿರ ತನ್ನ ಕೋಲನ್ನು ಮಡಚಿ ಹಿಡಿದುಕೊಂಡು ನಿಂತಿದ್ದಳು. "ಇಲ್ಲಂದ್ರ ಇಲ್ಲ ಬಿಡ್ರಿ, ಜಗಳ ಮಾಡಬ್ಯಾಡ್ರಿ" ಎಂದಳು.

ಪೇಟೆಯ ಕಡೆ, ಕೆಟ್ಟ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಒಂದು ಅಂಗಡಿಯಿತ್ತು. ಫೋನಿನಲ್ಲಿ ವಿಚಾರಿಸಿದೆ. ಡಿಸ್ಕು ತಂದುಕೊಡಿ, ನಾವು ನೋಡಿ ಹೇಳುವ ತನಕ ಆ ಯಂತ್ರವನ್ನೂ ಮತ್ತೆ ಹಾಕಲೇಬೇಡಿ, ಹಾಕಿದರೆ ಇದ್ದದ್ದೂ ಅಳಿಸಿಹೋಗಬಹುದು ಎಂದರು. ಸರಿ, ಯಂತ್ರ ಆರಿಸಿ, ಯಾರೂ ಮುಟ್ಟಬಾರದೆಂದು ಅದರ ಮೇಲೆ ಒಂದು ಟವೆಲು ಮುಚ್ಚಿ, ಡಿಸ್ಕನ್ನು ಒಯ್ದು ಕೊಟ್ಟು ಬಂದೆ. ಇವತ್ತು ನಾಳೆ ಎಂದು ಅಂಗಡಿಯವರು ಮುಂದೂಡುತ್ತಲೇ ಹೋದರು.

ಪರೀಕ್ಷೆ ಯಾರಿಗೂ ಕಾಯುವುದಿಲ್ಲ. ಕಾರ್ಯದರ್ಶಿಗಳು ಉಳಿದ ಓದುಗರಿಗೆಲ್ಲ ಫೋನು ಮಾಡಿದರು. ಒಬ್ಬರಿಗೆ ಮೊಮ್ಮಗನ ನಾಮಕರಣ, ಒಬ್ಬರಿಗೆ ನೆಗಡಿ, ಮತ್ತೊಬ್ಬರಿಗೆ ಅರ್ಥಶಾಸ್ತ್ರವೆಂದರೆ ಭಯ. ವಿಷಯ ಮಿಸ್ ಕಿವಿಗೂ ಬಿತ್ತು. ಆಪರೇಷನ್ ಆಗಿ ಮನೆಗೆ ಬಂದಿದ್ದ ಅವರು ನೇರವಾಗಿ ನನಗೇ ಫೋನು ಮಾಡಿದರು.

"ಅವಳನ್ನ ನಮ್ಮನೆಗೆ ಕರ್ಕೊಂಡು ಬಾ. ಪುಸ್ತಕ ನೀನು ಓದು, ಅರ್ಥ ಆಗದ್ದು ನಾನು ಹೇಳ್ತೀನಿ. ಕಣ್ಣಿಲ್ಲದಿದ್ರೆ ಏನು, ಬಾಯಿ ಇದೆಯಲ್ಲ."

"ಮಿಸ್, ನಂಗೆ ಆಫೀಸು..."

"ಆಫೀಸು ಆದ್ಮೇಲೆ ಬಾ ಅಂದೆ."

ಟೀಚರುಗಳಿಗೆ ಇಲ್ಲ ಎನ್ನುವುದನ್ನು ನಾನು ಯಾವತ್ತೂ ಕಲಿಯಲಿಲ್ಲ. ಹೀಗೆ ಆ ದಿನಗಳಲ್ಲಿ ನನ್ನ ಸಂಜೆಗಳು ಕತ್ರಿಗುಪ್ಪೆಯ ಪಾಲಾದವು. ಹುಡುಗಿ ಬಿ.ಟಿ.ಎಂ.ನಿಂದ ಬನಶಂಕರಿ ಬಸ್ ನಿಲ್ದಾಣಕ್ಕೆ ಬರುತ್ತಿದ್ದಳು, ನಾನು ಜಯನಗರದಿಂದ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತಿದ್ದೆ. ಮಿಸ್ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದರು. ಆಪರೇಷನ್ ಆದ ಕಣ್ಣಿಗೆ ಶ್ರಮ ಕೊಡುವಂತಿಲ್ಲ, ಇನ್ನೊಂದು ಕಣ್ಣಿನಲ್ಲಿ ಪೊರೆ ತುಂಬಿ ಮಂಜಿನ ಹೊರತು ಏನೂ ಇಲ್ಲ. ನೋಡಬಲ್ಲವಳು ನಾನೊಬ್ಬಳೇ, ನನಗೋ ತೂಕಡಿಕೆ.

ಮೊದಲ ಸಂಜೆ ನಾನು ಆಕಳಿಸುತ್ತಲೇ ಓದುತ್ತ ಹೋದೆ. ಬೇಡಿಕೆ ಎಂದರೇನು, ಪೂರೈಕೆ ಎಂದರೇನು. ಒಂದು ಕಡೆ "ಚಿತ್ರದಲ್ಲಿ ತೋರಿಸಿರುವಂತೆ ಎರಡು ರೇಖೆಗಳು ಸಮತೋಲನ ಬೆಲೆಯನ್ನು ಸೂಚಿಸುತ್ತವೆ" ಎಂದು ಬಂತು. ಓದಿ ಮುಂದಿನ ಪ್ಯಾರಾಕ್ಕೆ ಹೋದೆ.

"ತಾಳು, ತಾಳು" ಎಂದರು ಮಿಸ್. "ಚಿತ್ರದಲ್ಲಿ ಏನಿದೆ?"

"ಎರಡು ಗೆರೆ ಇದೆ ಮಿಸ್."

"ಗೆರೆ ಇದೆ ಅಂದ್ರೆ ನಂಗೇನು ಗೊತ್ತಾಗತ್ತೆ? ಎಲ್ಲಿಂದ ಎಲ್ಲಿಗೆ ಹೋಗತ್ತೆ ಹೇಳು."

"ಒಂದು ಮೇಲಿಂದ ಕೆಳಗೆ ಇಳಿಯತ್ತೆ, ಒಂದು ಕೆಳಗಿಂದ ಮೇಲೆ ಹತ್ತತ್ತೆ. ಮಧ್ಯ ಒಂದು ಕಡೆ ಕೂಡತ್ತೆ."

"ಹಾಂ, ಈಗ ಸರಿ" ಎಂದು ಮಿಸ್ ತಲೆಯಾಡಿಸಿದರು. ಹುಡುಗಿ ಮಾತ್ರ ಮೆಲ್ಲಗೆ, "ಮ್ಯಾಲೆ ಅಂದ್ರ ಯಾವ ಕಡೆ ರೀ ಅಕ್ಕಾರ? ಹಾಳಿ ಅಡ್ಡ ಮಲಗಿರ್ತೈತಲ್ರೀ, ಅದಕ್ಕ ಮ್ಯಾಲೆ ಕೆಳಗ ಹೆಂಗ ಬರ್ತೈತಿ?" ಎಂದು ಕೇಳಿದಳು.

ಎಷ್ಟು ಯೋಚಿಸಿದರೂ ನನಗೆ ಅದನ್ನು ಮಾತಿನಲ್ಲಿ ಹೇಳಲು ಆಗಲಿಲ್ಲ. ಮಿಸ್ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಮುಚ್ಚಿಟ್ಟಿದ್ದ ಚಪಾತಿ ಹಿಟ್ಟನ್ನೂ ಮಣೆಯನ್ನೂ ತಂದರು. ಹಿಡಿಕಸಬರಿಕೆಯಿಂದ ನಾಲ್ಕು ಹೊಸ ಕಡ್ಡಿ ಕಿತ್ತು ತರಲು ನನಗೆ ಹೇಳಿದರು. ಹಿಟ್ಟನ್ನು ದಪ್ಪಗೆ ಲಟ್ಟಿಸಿ, ಎಡಗಡೆ ಒಂದು ಕಡ್ಡಿ, ಹುಡುಗಿಯ ಹೊಟ್ಟೆಯ ಕಡೆ ಅಡ್ಡಕ್ಕೆ ಒಂದು ಕಡ್ಡಿ ಒತ್ತಿದರು. ಅವಳ ಬೆರಳು ಹಿಡಿದು, "ಇದು ಬೆಲೆ. ನಿನ್ನಿಂದ ದೂರ ಹೋದಷ್ಟೂ ಬೆಲೆ ಜಾಸ್ತಿ. ಇದು ಪ್ರಮಾಣ, ಬಲಗಡೆಗೆ ಹೋದಷ್ಟೂ ಜಾಸ್ತಿ" ಎಂದರು. ಆಮೇಲೆ ಓರೆಯಾಗಿ ಒಂದು ಕಡ್ಡಿ. "ಬೆಲೆ ದೂರದಲ್ಲಿದ್ದಾಗ ಕೊಳ್ಳೋರು ಕಮ್ಮಿ. ಹತ್ತಿರ ಬಂದ ಹಾಗೆ ಜಾಸ್ತಿ. ಕೈ ಆಡಿಸ್ಕೊಂಡು ಹೋಗು."

ಹುಡುಗಿಯ ಬೆರಳು ಕಡ್ಡಿಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಪೂರೈಕೆಯದೆಂದು ಇನ್ನೊಂದು ಓರೆ ಕಡ್ಡಿ ಒತ್ತಿದ ಮೇಲೆ, ಅವೆರಡೂ ಕೂಡುವ ಜಾಗದಲ್ಲಿ ಬೆರಳು ನಿಂತಿತು.

"ಇಷ್ಟನ? ಸಮತೋಲನ ಅಂದ್ರ ಇಷ್ಟನ ಏನ್ರಿ?"

"ಇಷ್ಟೇ ಕಣೇ."

ಅವಳು ಜೋರಾಗಿ ನಕ್ಕಳು. ಅದುವರೆಗೆ ಅವಳು ನಗುವುದನ್ನು ನಾನು ಕೇಳಿರಲಿಲ್ಲ. ಅವತ್ತಿನಿಂದ ದಿನಾ ಒಂದೊಂದು ಚಿತ್ರ ಹಿಟ್ಟಿನ ಮೇಲೆ ಮೂಡುತ್ತಿತ್ತು. ಬೇಡಿಕೆ ಬಲಕ್ಕೆ ಸರಿಯುವುದು, ಪೂರೈಕೆ ಎಡಕ್ಕೆ ಸರಿಯುವುದು, ವೆಚ್ಚದ ರೇಖೆ ಬಟ್ಟಲಿನ ಹಾಗೆ ಬಗ್ಗುವುದು. ಪಾಠ ಮುಗಿದ ಮೇಲೆ ಅದೇ ಹಿಟ್ಟಿನಲ್ಲಿ ಮಿಸ್ ಚಪಾತಿ ಮಾಡಿಸುತ್ತಿದ್ದರು. ಕಸಬರಿಕೆ ಕಡ್ಡಿಯ ಅರ್ಥಶಾಸ್ತ್ರವನ್ನು ಮೂವರೂ ಪಲ್ಯದ ಜೊತೆ ತಿಂದು ಮುಗಿಸುತ್ತಿದ್ದೆವು. ನಾನು ಮನೆ ಸೇರಿ ಚಪ್ಪಲಿ ಬಿಡುವ ಹೊತ್ತಿಗೆ ಕಾಲು ಬಾತಿರುತ್ತಿತ್ತು. ನಿಜ ಹೇಳಬೇಕೆಂದರೆ, ಈ ಪರೀಕ್ಷೆ ಯಾವಾಗ ಮುಗಿಯುತ್ತದೋ ಎಂದು ಹುಡುಗಿಗಿಂತ ಹೆಚ್ಚು ಕಾಯುತ್ತಿದ್ದವಳು ನಾನು.

ಪರೀಕ್ಷೆಯ ದಿನ ಅರ್ಧ ದಿನ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದೆ. ಕಣ್ಣು ಕಾಣದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಬೇರೆ ಒಬ್ಬರನ್ನು ಕೂರಿಸುತ್ತಾರೆ. ನಾನು ಹೊರಗೆ ಮರದ ಕಟ್ಟೆಯ ಮೇಲೆ ಕೂತು ಗೊರಕೆ ಹೊಡೆದೆನೆಂದು ಕಾಣುತ್ತದೆ. ಎಚ್ಚರವಾದಾಗ ಅವಳು ಎದುರಿಗೆ ನಿಂತಿದ್ದಳು.

"ಅಕ್ಕಾರ, ಇವತ್ತ ಚಿತ್ರ ತಗಸೀನ್ರಿ! ಆಕಿಗೆ ಹೇಳಿ ಹೇಳಿ, ಎಡಕ್ಕ ಒಂದ್ ಗೆರಿ ಹಾಕು, ಅಡ್ಡ ಒಂದ್ ಹಾಕು ಅಂತ. ಹೆಸರೂ ಬರಸೀನಿ. ಹಿಂದಿನ ಎರಡೂ ಸಲ ಚಿತ್ರದ ಪ್ರಶ್ನಿ ಬಿಟ್ಟು ಬಂದಿದ್ದೆ ನೋಡ್ರಿ."

ಒಳ್ಳೆಯದಾಯಿತು ಎಂದೆ. ಆ ಮಾತಿನ ತೂಕ ನನಗೆ ಆಗ ತಟ್ಟಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಆಫೀಸಿಗೆ ಓಡಿದೆ.

ಅಂಗಡಿಯಿಂದ ಡಿಸ್ಕು ವಾಪಸು ಬಂದದ್ದು ಇದೆಲ್ಲ ಆದ ಮೇಲೆ. ಇದರಲ್ಲಿ ಯಾವುದೂ ಅಳಿಸಿಹೋಗಿಲ್ಲ ಮೇಡಂ, ನೀವು ಹೇಳುವ ಫೈಲು ಇದರೊಳಕ್ಕೆ ಬಂದೇ ಇಲ್ಲ ಎಂದರು. ಬಂದೇ ಇಲ್ಲವೆಂದರೆ ಎಲ್ಲಿಗೆ ಹೋಯಿತು? ಡಿಸ್ಕನ್ನು ಬ್ಯಾಗಿನಲ್ಲಿಟ್ಟುಕೊಂಡೇ ಟ್ರಸ್ಟಿಗೆ ಹೋದೆ. ಟವೆಲು ತೆಗೆದೆ, ಯಂತ್ರ ಹಾಕಿದೆ, ಡಿಸ್ಕನ್ನು ಇನ್ನೂ ಸಿಕ್ಕಿಸಿರಲಿಲ್ಲ. ಸುಮ್ಮನೆ ಆ ವಿಳಾಸಕ್ಕೆ ಹೋಗಿ ನೋಡಿದೆ. ಖಾಲಿಯಿರಬೇಕಾದ ಜಾಗ. ಅಲ್ಲಿ ಉದ್ದುದ್ದ ಹೆಸರಿನ ಫೈಲುಗಳು ಸಾಲಾಗಿ ಕೂತಿದ್ದವು. ಇಡೀ ಅರ್ಥಶಾಸ್ತ್ರ.

ಅದು ಹೀಗೆ. ನಾನು ಬರೆದ ವಿಳಾಸದಲ್ಲಿ ಯಂತ್ರದೊಳಗೇ ಒಂದು ಖಾಲಿ ಫೋಲ್ಡರು ಇರುತ್ತದೆ. ಡಿಸ್ಕು ಸಿಕ್ಕಿಸಿದಾಗ ಅದು ನೆಲಕ್ಕೆ ಚಾಪೆ ಹಾಸಿದ ಹಾಗೆ ಆ ಫೋಲ್ಡರಿನ ಮೇಲೆ ಬಂದು ಕೂರುತ್ತದೆ. ಆಮೇಲೆ ಇಟ್ಟದ್ದೆಲ್ಲ ಚಾಪೆಯ ಮೇಲೆ. ಚಾಪೆ ಪೂಜೆಗೆ ಹೋಗಿದ್ದಾಗ ಮಿಸ್ ಓದಿದ್ದೆಲ್ಲ ಬರೀ ನೆಲದ ಮೇಲೆ ಕೂತಿತು. ಕಾರ್ಯದರ್ಶಿಗಳು ಬಂದು ಚಾಪೆ ಹಾಸಿದರು, ಅದು ಅಡಿಗೆ ಬಿತ್ತು. ಕಳೆದಿರಲಿಲ್ಲ, ಹಾಳಾಗಿರಲಿಲ್ಲ, ಅಷ್ಟೂ ದಿನ ಟವೆಲಿನ ಕೆಳಗಿನ ಯಂತ್ರದಲ್ಲೇ ಇತ್ತು. ಡಿಸ್ಕು ಇಲ್ಲದಿದ್ದರೆ ಏಳಬೇಡ ಎಂದು ಯಂತ್ರಕ್ಕೆ ಹೇಳಿಡಬೇಕೆಂದು ನಮ್ಮ ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ, ಪೂಜೆಯ ಲೆಕ್ಕ ಹಿಡಿದು ಯಾರು ಸೆಟ್ಟಿಂಗ್ ಬರೆಯುತ್ತಾರೆ? ನನಗೆ ಸಂತೋಷವಾಗಬೇಕಿತ್ತು. ಆದದ್ದು ಸುಸ್ತು. ಯಂತ್ರದ ಮುಂದೆ ತಲೆಗೆ ಕೈಹೊತ್ತು ಕೂತುಬಿಟ್ಟೆ. ಕಾರ್ಯದರ್ಶಿಗಳು ಮಾತ್ರ ನನ್ನೆದುರಿಗೇ ಕಣ್ಣು ಒರೆಸಿಕೊಂಡು, "ದೇವರು ಕೈಬಿಡಲಿಲ್ಲ ನೋಡಮ್ಮ" ಎಂದರು. ಅವರ ಮಟ್ಟಿಗೆ ಅದು ನಿಜವೇ ಆಗಿತ್ತು.

ಹುಡುಗಿ ಪಾಸಾದಳು. ಅಣ್ಣ ಊರಿನಿಂದ ಫೋನು ಮಾಡಿ, ಇನ್ನು ನಿನ್ನಿಷ್ಟದಂತೆ ಇರು ಎಂದನಂತೆ. ಊರಿನಿಂದ ಬಂದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಅವಳು ಮಿಸ್ ಮನೆಗೆ ಬಂದಳು, ನನ್ನನ್ನೂ ಬರಹೇಳಿದ್ದಳು. ಮಿಸ್‌ಗೆ ಎರಡನೇ ಕಣ್ಣಿನ ಆಪರೇಷನ್ ಆಗಿ ಆಗಷ್ಟೇ ವಾರವಾಗಿತ್ತು. ಕಾರ್ಯದರ್ಶಿಗಳೂ ಬಂದರು. ಸಿಕ್ಕಿದ ಧ್ವನಿಯನ್ನು ಸಿಡಿಗೆ ಹಾಕಿಸಿ, ಕವರಿನ ಮೇಲೆ ಅರಿಶಿನ ಕುಂಕುಮ ಹಚ್ಚಿ ತಂದಿದ್ದರು. "ಪರೀಕ್ಷೆಗೆ ಆಗದಿದ್ರೇನಂತೆ, ಮುಂದಿನ ಮಕ್ಕಳಿಗೆ ಆಗತ್ತೆ. ಮಿಸ್ ಕಣ್ಣು ನೋಯಿಸ್ಕೊಂಡು ಓದಿದ್ದು, ಒಂದ್ಸಲ ಎಲ್ಲಾ ಕೂತು ಕೇಳೋಣ" ಎಂದರು. ಹುಡುಗಿಯ ಪ್ಲೇಯರಿನಲ್ಲಿ ಹಾಕಿದೆವು.

ಮಿಸ್ ಧ್ವನಿ ಕೋಣೆಯ ತುಂಬ ಬಂತು. ಎಷ್ಟು ಚೆಂದದ ಓದು. ಒಂದು ಅಕ್ಷರ ಜಾರುವುದಿಲ್ಲ. ಮಿಸ್ ಕೂಡ ಹೋಳಿಗೆ ಮುರಿಯುತ್ತ ಸಣ್ಣಗೆ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಬಂತು. "ಚಿತ್ರದಲ್ಲಿ ತೋರಿಸಿರುವಂತೆ ಎರಡು ರೇಖೆಗಳು ಸಮತೋಲನ ಬೆಲೆಯನ್ನು ಸೂಚಿಸುತ್ತವೆ." ಹಾಳೆ ತಿರುಗಿಸಿದ ಸದ್ದು. ಮುಂದಿನ ಪ್ಯಾರಾ.

"ನಿಲ್ಸು" ಎಂದರು ಮಿಸ್.

ಹುಡುಗಿ ನಿಲ್ಲಿಸಿದಳು.

"ಚಿತ್ರದ ವಿಷಯ ನಾನೇನೂ ಹೇಳೇ ಇಲ್ವಲ್ಲೇ."

ಮಿಸ್ ಹುಡುಗಿಯ ಕಡೆ ತಿರುಗಿದರು.

"ಎಲ್ಲಾ ಪುಸ್ತಕದಲ್ಲೂ ನಾನು ಹೀಗೇ ಓದಿದೀನಾ? ಭೂಗೋಳದಲ್ಲೂ? ನಕ್ಷೆ ಇರೋ ಕಡೆಯೆಲ್ಲ?"

"ಹೂಂ ರೀ ಮಿಸ್" ಎಂದಳು ಹುಡುಗಿ. "ನೀವೊಬ್ರ ಅಲ್ರೀ, ಎಲ್ಲಾರೂ ಹಂಗ ಓದ್ತಾರ್ರಿ. ಚಿತ್ರ ಅಂದಕೂಡ್ಲೆ ಅದು ನಮಗಲ್ಲ ಅಂತ ಬಿಟ್ಟು ಮುಂದ ಹೋಗ್ತೀವ್ರಿ ನಾವು."

ಮಿಸ್ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

"ಇಷ್ಟು ವರ್ಷ, ಇಷ್ಟು ಜನ. ಒಬ್ಬರಾದ್ರೂ ಒಂದು ಮಾತು ಕೇಳಬಾರದಿತ್ತೇನೇ, ಚಿತ್ರದಲ್ಲಿ ಏನಿದೆ ಮಿಸ್ ಅಂತ?"

ಹುಡುಗಿ ಕೈ ಚಾಚಿ, ಹುಡುಕಿ, ಅವರ ಮೊಣಕಾಲು ಮುಟ್ಟಿದಳು.

"ಪುಕ್ಕಟೆ ಓದಿ ಕೊಡೋರಿಗೆ ಹೆಂಗ ಕೇಳೂದ್ರಿ ಮಿಸ್?"

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರ ಹಾಗೆ ಕೇಳಿದಳು. ಮಿಸ್ ಕಪ್ಪು ಕನ್ನಡಕದ ಕೆಳಗೆ ಸೆರಗು ಒತ್ತಿಕೊಂಡರು, ಕಣ್ಣಿಗೆ ನೀರು ತಾಗಬಾರದೆಂದು ಡಾಕ್ಟರು ಹೇಳಿದ್ದರು. ಕಾರ್ಯದರ್ಶಿಗಳು ಬಗ್ಗಿ, ಮುಂದಿನ ಮಕ್ಕಳಿಗೆಂದು ತಂದಿದ್ದ ಸಿಡಿಯನ್ನು ಪ್ಲೇಯರಿನಿಂದ ತೆಗೆದು, ಕವರಿನೊಳಗೆ ಹಾಕಿಕೊಂಡರು.